ಮಳೆಗಾಲದಲ್ಲಿ ಸೈಕಲ್ ಸವಾರಿ: ಒಂದು ಜಮಾಖರ್ಚು

ಪುಣೆಗೆ ಸೈಕಲ್ಲುಗಳ ನಗರವೆಂಬ ಹೆಸರು ಒಂದು ಕಾಲಕ್ಕೆ ಸಾರ್ಥಕವಾಗಿತ್ತು. 1960 ಹಾಗೂ 1970ರ ದಶಕಗಳಲ್ಲಿ ಉದ್ಯೋಗವನ್ನರಸಿ ಈ ಊರಿಗೆ ಬಂದ ನಮ್ಮ ಸಂಘದ ಹಿರಿಯ ಸದಸ್ಯರನ್ನು ಮಾತಿಗೆಳೆದರೆ ಅವರ ನೆನಪಿನ ಬುತ್ತಿಯಲ್ಲಿ ಒಂದು ಸೈಕಲ್ಲು ಇದ್ದೇ ಇರುತ್ತದೆ. ಪ್ರಾಧ್ಯಾಪಕರು, ಗುಮಾಸ್ತರು, ಕಾರಖಾನೆಯ ಕಾರ್ಮಿಕರು, ಕಾಲೇಜಿನ ಹೆಣ್ಣುಮಕ್ಕಳು ಎಲ್ಲರೂ ಅದನ್ನೇರಿ ಓಡಾಡಿದವರು. ಕಾಲಚಕ್ರ ಉರುಳಿತು, ಸೈಕಲ್ಲಿನ ಚಕ್ರ ನಿಂತಿತು. ಇಂದು ಸ್ಕೂಟರು, ಮೋಟರ್ ಸೈಕಲ್ಲುಗಳ ಪ್ರವಾಹದಲ್ಲಿ ಸೈಕಲ್ಲಿನ ಗಂಟೆಯ ಸದ್ದು ಕೇಳಿಸುವುದೇ ಅಪರೂಪ. 2017ರಲ್ಲಿ ನಗರಪಾಲಿಕೆಯು ಸಮಗ್ರ ಸೈಕಲ್ ಯೋಜನೆಯೊಂದನ್ನು ಅಂಗೀಕರಿಸಿತಾದರೂ ಹಳೆಯ ವೈಭವವೇನೂ ಮರಳಿ ಬರಲಿಲ್ಲ.

ಇಂತಹ ಊರಿನಲ್ಲಿ, ನಲವತ್ತು ದಾಟಿದ ಬ್ಯಾಂಕ್ ಅಧಿಕಾರಿಯೊಬ್ಬ ಮಳೆಗಾಲದಲ್ಲಿಯೂ ಸೈಕಲ್ಲಿನ ಮೇಲೆ ಕಚೇರಿಗೆ ಹೋಗುತ್ತಾನೆಂದರೆ ಜನ ಅವನನ್ನು ಜಿಪುಣನೆಂದೋ ತಿಕ್ಕಲನೆಂದೋ ತಿಳಿಯುವುದು ಸ್ವಾಭಾವಿಕ. ಈ ಎರಡೂ ಬಿರುದುಗಳನ್ನು ನಾನು ಪಡೆದಿದ್ದೇನೆ. ಲೆಕ್ಕಪತ್ರಗಳ ನಡುವೆ ಬಾಳಿದವನಾದುದರಿಂದ ಈ ಸವಾರಿಯ ಜಮಾಖರ್ಚನ್ನೂ ವಾಚಕರ ಮುಂದಿಡಬೇಕೆನಿಸಿತು. ಇದರಲ್ಲಿ ನನಗೆ ಇಂದಿಗೂ ತಾಳೆಯಾಗದೆ ಉಳಿದ ಒಂದು ಬಾಬತ್ತೂ ಇದೆ. ಅದನ್ನು ಕೊನೆಯಲ್ಲಿ ಹೇಳುವೆನು.

ಸೈಕಲ್ಲು ಮರಳಿ ಬಂದ ಬಗೆ

2022ರ ದಸರೆಯ ನಂತರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಶ, ವೈದ್ಯರ ಭಾಷೆಯಲ್ಲಿ ಎಚ್‌ಬಿ ಎ ಒನ್ ಸಿ, 6.2 ಎಂದು ಬಂದಿತು. ಇದು 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲೆಂದೂ 6.5 ಆದರೆ ಹೊಸ್ತಿಲು ದಾಟಿದಂತೆಂದೂ ವೈದ್ಯರು ತಿಳಿಸಿದರು. "ಇನ್ನೂ ಮಾತ್ರೆ ಬೇಡ, ಕಾಲಿಗೆ ಕೆಲಸ ಕೊಡಿ" ಎಂಬುದು ಅವರ ಆದೇಶವಾಗಿತ್ತು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ. ಕರ್ವೆನಗರದ ನನ್ನ ಮನೆಯಿಂದ ಪೇಟೆಯಲ್ಲಿರುವ ಶಾಖೆಗೆ ಸುಮಾರು 6 ಕಿಲೋಮೀಟರು. ಅವಸರವಿಲ್ಲದೆ ಪೆಡಲು ತುಳಿದರೆ ಅರ್ಧ ಗಂಟೆ. ಹೋಗಿಬರುವುದಕ್ಕೆ ಒಂದು ಗಂಟೆ. ವಾರಕ್ಕೆ ಐದು ದಿನವೆಂದು ಹಿಡಿದರೂ 300 ನಿಮಿಷ! ವ್ಯಾಯಾಮಕ್ಕೆಂದು ಬೇರೆ ಸಮಯ ತೆಗೆಯಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ, ದಿನಕ್ಕೆ ಸುಮಾರು ಕಾಲು ಲೀಟರು ಪೆಟ್ರೋಲಿನ ಉಳಿತಾಯ ಬೇರೆ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುವವರಲ್ಲಿ ಹೃದ್ರೋಗವೂ ಅಕಾಲ ಮರಣವೂ ಕಡಿಮೆಯೆಂದು ಕಂಡುಕೊಂಡಿತು. ಎಲ್ಲವೂ ಸೈಕಲ್ಲಿನ ಮಹಿಮೆಯೆಂದು ಇದರಿಂದ ಸಿದ್ಧವಾಗದಿದ್ದರೂ ಒಲವು ಯಾವ ಕಡೆಗಿದೆಯೆಂಬುದು ಸ್ಪಷ್ಟ.

ಆ ಚಳಿಗಾಲದಿಂದ ಬೇಸಿಗೆಯವರೆಗೆ ಎಲ್ಲವೂ ಸುಗಮವಾಗಿ ಸಾಗಿತು. 2023ರ ಜೂನಿನಲ್ಲಿ ಮಳೆ ಹಿಡಿಯಿತು. ಸೈಕಲ್ಲನ್ನು ಜಿನೆಯ ಕೆಳಗೆ ನಿಲ್ಲಿಸಿದೆ. "ಮಳೆ ನಿಂತ ಮೇಲೆ ನೋಡೋಣ" ಎಂದು ನಾಲ್ಕು ತಿಂಗಳು ಕಳೆದವು. ಅಕ್ಟೋಬರಿನ ಪರೀಕ್ಷೆಯಲ್ಲಿ ಇಳಿದಿದ್ದ ಅಂಕ ಮತ್ತೆ ಮೇಲೇರಿ 6.3 ಆಗಿತ್ತು. ಎಂಟು ತಿಂಗಳು ಜಮಾ ಮಾಡಿದ್ದನ್ನು ನಾಲ್ಕು ತಿಂಗಳಲ್ಲಿ ಕಳೆದುಕೊಳ್ಳುವುದು ಯಾವ ಬ್ಯಾಂಕಿನ ವ್ಯವಹಾರ? ಮುಂದಿನ ಮಳೆಗಾಲದಲ್ಲಿ ಸೈಕಲ್ಲು ನಿಲ್ಲಕೂಡದೆಂದು ಅಂದೇ ನಿಶ್ಚಯಿಸಿದೆ.

ಮಳೆಯ ನಿಜವಾದ ಲೆಕ್ಕ

ಮಳೆಗಾಲವೆಂದರೆ ದಿನವಿಡೀ ಮಳೆಯೆಂಬುದು ನಮ್ಮ ಮನಸ್ಸಿನ ಭಯ. ಪುಣೆಯು ಸಹ್ಯಾದ್ರಿಯ ಮಳೆಯ ನೆರಳಿನಲ್ಲಿ ಕುಳಿತಿರುವ ಊರು. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರು. ಮುಂಬಯಿಯಲ್ಲಾದರೋ 2000 ಮಿಲಿಮೀಟರಿಗೂ ಮಿಕ್ಕು. ಧಾರವಾಡದಲ್ಲಿ ಬೆಳೆದ ನನಗೆ ಇಲ್ಲಿನ ಜಿಟಿಜಿಟಿ ಮಳೆ ಹಳೆಯ ಪರಿಚಯದ್ದೇ. ಶಾಲೆಗೆ ಹೋಗುವಾಗ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಆರಿದ್ರಾ ಮಳೆಯಲ್ಲಿ ಕೆಸರು ತುಳಿದ ಕಾಲುಗಳು ಇವು.

2024ರ ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ರತಿದಿನದ ಮಳೆಯನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡೆ. ಕಚೇರಿಗೆ ಹೋದ 96 ದಿನಗಳ ಪೈಕಿ ಹೋಗುವಾಗಲೋ ಬರುವಾಗಲೋ ನಾನು ತೊಯ್ದದ್ದು 29 ದಿನ. ಪೂರ್ತಿ ನೆನೆದು ತೊಪ್ಪೆಯಾದದ್ದು 11 ದಿನ. ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು ಹಿಡಿದದ್ದು 4 ದಿನ. ಉಳಿದ ದಿನಗಳಲ್ಲಿ ಮಳೆ ನಾನು ಮೇಜಿನ ಮುಂದೆ ಕುಳಿತಿದ್ದಾಗ ಬಿದ್ದಿತು, ಇಲ್ಲವೇ ರಾತ್ರಿ ಬಿದ್ದಿತು. ಹತ್ತು ನಿಮಿಷ ಮೊದಲು ಹೊರಡುವ ಅಥವಾ ಹತ್ತು ನಿಮಿಷ ಕಾಯುವ ಸ್ವಾತಂತ್ರ್ಯವೊಂದಿದ್ದರೆ ಮಳೆಯೊಡನೆ ಅರ್ಧದಷ್ಟು ಒಪ್ಪಂದವಾದಂತೆಯೇ.

ಮೊದಲ ಪಾಠ

ಆ ಜೂನಿನ ಎರಡನೆಯ ವಾರದಲ್ಲಿ, ಮೊದಲ ಮಳೆಗೇ ನಾನು ಬಿದ್ದೆ. ತಿರುವಿನಲ್ಲಿ ಎದುರಿಗೆ ರಿಕ್ಷಾ ಬಂದಿತೆಂದು ಬ್ರೇಕು ಒತ್ತಿದೆ. ಗಾಲಿ ರಸ್ತೆಯ ಬಿಳಿ ಪಟ್ಟೆಯ ಮೇಲಿತ್ತು. ಕ್ಷಣಾರ್ಧದಲ್ಲಿ ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಬೀಳುವಾಗ ಬಾಯಿಂದ ಹೊರಟದ್ದು "ಅಯ್ಯೋ ಅವ್ವಾ!" ಎಂಬ ಉದ್ಗಾರ. ಮರಾಠಿಯಲ್ಲಿ ಎಷ್ಟೇ ವ್ಯವಹರಿಸಿದರೂ ಬೀಳುವಾಗ ಮನುಷ್ಯ ಮಾತೃಭಾಷೆಯಲ್ಲಿಯೇ ಬೀಳುತ್ತಾನೆ.

ಹಿಂದಿನಿಂದ ಬರುತ್ತಿದ್ದ ಇನ್ನೊಬ್ಬ ಸೈಕಲ್ ಸವಾರ ಕೆಳಗಿಳಿದು ನನ್ನ ಕೈ ಹಿಡಿದೆತ್ತಿದ. "ಏಳ್ರಿ ಸಾಹೇಬ್ರ. ಪೆಟ್ಟಾಯ್ತೇನ್ರಿ? ಕನ್ನಡದವ್ರು ಅದೀರಿ ಅಂತ ನೀವು ಒದರಿದ ಮ್ಯಾಲ ಗೊತ್ತಾತು" ಎಂದ. ಯಾದಗಿರಿ ಕಡೆಯ ಗೌಂಡಿ. ಕಟ್ಟಡದ ಕೆಲಸಕ್ಕೆಂದು ಕುಟುಂಬಸಮೇತ ಪುಣೆಗೆ ಬಂದವನು. ಕ್ಯಾರಿಯರಿಗೆ ಊಟದ ಡಬ್ಬಿ ಮತ್ತು ಕರಣೆ ಕಟ್ಟಿಕೊಂಡು ದಿನವೂ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ನನ್ನ ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಸೊಟ್ಟಗಾಗಿದ್ದ ಹ್ಯಾಂಡಲನ್ನು ನೆಟ್ಟಗೆ ಮಾಡಿ ಕೊಟ್ಟ. "ಬಿಳಿ ಪಟ್ಟಿ ಮ್ಯಾಲ, ಕಬ್ಬಿಣದ ಮುಚ್ಚಳದ ಮ್ಯಾಲ ಬ್ರೇಕ್ ಒತ್ತಬ್ಯಾಡ್ರಿ. ಮಳ್ಯಾಗ ಅದು ಬೆಣ್ಣಿ ಇದ್ದಂಗ" ಎಂದು ಬುದ್ಧಿಯನ್ನೂ ಹೇಳಿದ. ಪುಸ್ತಕಗಳಲ್ಲಿ ಮುಂದೆ ನಾನು ಓದಿದ್ದೂ ಇದನ್ನೇ. ಅಂದಿನಿಂದ ದಾರಿಯಲ್ಲಿ ಸಿಕ್ಕಾಗಲೆಲ್ಲ ಎರಡು ಮಾತು ಆಡುತ್ತ ಜೊತೆಯಾಗಿ ಸ್ವಲ್ಪ ದೂರ ಹೋಗುವುದು ರೂಢಿಯಾಯಿತು.

ಸೈಕಲ್ಲಿನ ಸಿದ್ಧತೆ

ಮೊದಲ ಒಂದೆರಡು ಮಳೆಗಳಲ್ಲಿ ರಸ್ತೆ ಅತ್ಯಂತ ಜಾರುತ್ತದೆ. ಬೇಸಿಗೆಯುದ್ದಕ್ಕೂ ವಾಹನಗಳಿಂದ ಸೋರಿದ ಎಣ್ಣೆ ಮತ್ತು ಧೂಳು ನೀರಿನೊಡನೆ ಕೂಡಿ ಲೇಪದಂತಾಗುತ್ತವೆ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕಿನ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಹಳೆಯ ಉಕ್ಕಿನ ರಿಮ್ಮುಗಳಲ್ಲಿ ಈ ದೋಷ ಹೆಚ್ಚು, ಅಲ್ಯುಮಿನಿಯಮ್ಮಿನಲ್ಲಿ ಕಡಿಮೆ. ಆದುದರಿಂದ ನಿಲ್ಲಬೇಕಾದ ಸ್ಥಳಕ್ಕೆ ಸಾಕಷ್ಟು ಮೊದಲೇ ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ಮಿನ ನೀರನ್ನು ಒರೆಸಿ, ಅನಂತರ ಎರಡೂ ಬ್ರೇಕುಗಳನ್ನು ಮೆಲ್ಲನೆ ಒತ್ತಬೇಕು. ತಿರುವಿನಲ್ಲಿ ಒತ್ತಬಾರದು, ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು.

ಮಡ್‌ಗಾರ್ಡಿಲ್ಲದ ಆಧುನಿಕ ಸೈಕಲ್ಲುಗಳು ನೋಡಲು ಚೆಂದವಾದರೂ ಕೆಸರಿನ ರೇಖೆಯೊಂದನ್ನು ಬೆನ್ನಿನ ಮೇಲೆ ಬರೆಯುತ್ತವೆ. ಎರಡೂ ಗಾಲಿಗಳಿಗೆ ಪೂರ್ತಿ ಮಡ್‌ಗಾರ್ಡು ಹಾಕಿಸುವುದು ಮೊದಲ ಖರ್ಚು. ಸವೆದ ಟೈರು, ಸವೆದ ಬ್ರೇಕ್ ರಬ್ಬರುಗಳನ್ನು ಮಳೆಗೆ ಮೊದಲೇ ಬದಲಿಸಬೇಕು. ತೊಯ್ದ ದಿನ ಸಂಜೆ ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಎರಡು ತೊಟ್ಟು ಎಣ್ಣೆ ಬಿಡಬೇಕು. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಮಳೆಯ ಹಗಲಿನಲ್ಲಿಯೂ ಉರಿಯುತ್ತಿರಲಿ. ಮಳೆಗೆ ಮಸುಕಾದ ಗಾಜಿನ ಹಿಂದೆ ಕುಳಿತ ಬಸ್ಸಿನ ಚಾಲಕನಿಗೆ ನಾವು ಕಾಣಿಸುವುದೇ ನಮ್ಮ ವಿಮೆ.

ರೇನ್‌ಕೋಟಿನ ಬಣ್ಣ ಹಳದಿಯೋ ಕಿತ್ತಳೆಯೋ ಇರಬೇಕು. ಕಪ್ಪು, ಕಡುನೀಲಿ ಬೇಡ. ದಪ್ಪ ರಬ್ಬರಿನ ಕೋಟಿನೊಳಗೆ ಮಳೆಗಿಂತ ಹೆಚ್ಚಾಗಿ ಬೆವರೇ ನಮ್ಮನ್ನು ತೋಯಿಸುತ್ತದೆ. ಕಂಕುಳಿನಲ್ಲಿ ಗಾಳಿಯಾಡುವ ತೆಳುವಾದ ಕೋಟು ಉತ್ತಮ. ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಸವಾರಿ ಮಾಡುವ ಹಳೆಯ ಪದ್ಧತಿ ಸಾಹಸವೇ ಹೊರತು ಜಾಣತನವಲ್ಲ. ನಾನು ಹಳೆಯ ಪ್ಯಾಂಟು ಮಡಚಿ ಸವಾರಿ ಮಾಡಿ, ಕಚೇರಿಯ ಕಪಾಟಿನಲ್ಲಿ ಒಂದು ಜೊತೆ ಒಣ ಉಡುಪು, ಟವೆಲು, ಕಾಲುಚೀಲ, ಬೂಟುಗಳನ್ನು ಇಟ್ಟಿರುತ್ತೇನೆ. ಇವನ್ನು ಸೋಮವಾರ ಒಯ್ದರೆ ವಾರಕ್ಕೆ ಸಾಕು. ಶಾಖೆಯ ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ ಸಿಕ್ಕರೆ ಗ್ರಾಹಕರ ಮುಂದೆ ಸಭ್ಯನಾಗಿಯೇ ಕಾಣಿಸಿಕೊಳ್ಳಬಹುದು.

ನೆನೆದರೆ ನೆಗಡಿಯೇ?

ನಮ್ಮ ಮನೆಯವರ ಮೊದಲ ಆಕ್ಷೇಪಣೆ ಇದಾಗಿತ್ತು. ನೆಗಡಿ ವೈರಾಣುಗಳಿಂದ ಬರುವ ಸೋಂಕು, ಮಳೆನೀರಿನಲ್ಲಿ ನೆಗಡಿಯಿಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಗಳಲ್ಲಿ, ಕಿಕ್ಕಿರಿದ ಬಸ್ಸುಗಳಲ್ಲಿ ಜನ ಒತ್ತಾಗಿ ಸೇರುವುದು ಅದು ಹರಡಲು ಅನುಕೂಲವಾಗುತ್ತದೆ. ಹಾಗೆಂದು ಒದ್ದೆ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ನಡುಗುತ್ತ ಕೂಡುವುದು ವಿವೇಕವಲ್ಲ. ತೊಯ್ದವನು ಬೇಗ ಒಣಗಬೇಕು, ಅಷ್ಟೆ. ಉಬ್ಬಸದ ತೊಂದರೆಯಿರುವವರೂ ಹೃದ್ರೋಗಿಗಳೂ ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು. ಸಕ್ಕರೆಯ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ಸವಾರಿ ಮಾಡಕೂಡದು.

ನಿಜವಾದ ಉಪದ್ರವ ಚರ್ಮದ್ದು. ಒದ್ದೆಯ ಬೆಚ್ಚನೆಯ ಮಡಿಕೆಗಳಲ್ಲಿ, ತೊಡೆಸಂದು ಮತ್ತು ಕಾಲ್ಬೆರಳುಗಳ ಸಂದುಗಳಲ್ಲಿ ಶಿಲೀಂಧ್ರ ಬೆಳೆದು ತುರಿಕೆ, ಬಿರುಕು, ಗಜಕರ್ಣಗಳುಂಟಾಗುತ್ತವೆ. ಔಷಧದಂಗಡಿಯವನು ಕೊಟ್ಟ ಸ್ಟಿರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆಯನ್ನು ಅಡಗಿಸಿ, ಅನಂತರ ರೋಗವನ್ನು ಹರಡಿ ಹಟಮಾರಿಯಾಗಿಸುತ್ತದೆ. ಚರ್ಮವೈದ್ಯರ ಸಲಹೆಯಿಲ್ಲದೆ ಇಂತಹ ಮುಲಾಮು ಹಚ್ಚಬಾರದು. ಮನೆ ಸೇರಿದೊಡನೆ ಸಾಬೂನಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಒಣ ಬಟ್ಟೆ ಉಡುವುದೇ ಮುಖ್ಯ ಚಿಕಿತ್ಸೆ. ಮಧುಮೇಹಿಗಳ ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ಅವರು ಪ್ರತಿರಾತ್ರಿ ಪಾದದ ಅಡಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿಕೊಳ್ಳಬೇಕು.

ಜುಲೈ 25

2024ರ ಜುಲೈ 25ರ ಬೆಳಗ್ಗೆ ಪುಣೆ ಎಚ್ಚತ್ತದ್ದು ನೀರಿನಲ್ಲಿ. ಹಿಂದಿನ ರಾತ್ರಿಯಿಡೀ ಸುರಿದ ಮಳೆ ನೂರು ಮಿಲಿಮೀಟರನ್ನು ಮೀರಿತ್ತು. ಖಡಕವಾಸಲಾ ಜಲಾಶಯದಿಂದ ಮುಠಾ ನದಿಗೆ ನೀರು ಬಿಟ್ಟಿದ್ದರು. ಸಿಂಹಗಡ ರಸ್ತೆಯ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿ, ದೋಣಿಗಳಲ್ಲಿ ಜನರನ್ನು ಹೊರತರಬೇಕಾಯಿತು. ಮಳೆ ಹೆಚ್ಚಿದ ದಿನ ಬಾಬಾ ಭಿಡೆ ಸೇತುವೆ ಮುಳುಗಿತೇ ಎಂದು ವಿಚಾರಿಸುವುದು ಈ ಊರಿನ ವಾಡಿಕೆ. ಅಂದು ಅದನ್ನು ಕೇಳುವ ಅಗತ್ಯವೇ ಇರಲಿಲ್ಲ.

ಅಂದು ನಾನು ಹೊರಡಬಾರದಿತ್ತು. ಶಾಖೆಯ ಬೀಗದ ಕೈ ನನ್ನ ಬಳಿ ಇತ್ತೆಂಬುದು ನೆಪ. ತಪ್ಪದೆ ಸವಾರಿ ಮಾಡುತ್ತೇನೆಂಬ ಹಮ್ಮು ನಿಜವಾದ ಕಾರಣ. ಒಂದು ಚೌಕದಲ್ಲಿ ಮೊಣಕಾಲಿನ ಕೆಳಗಿನವರೆಗೆ ಕಂದು ಬಣ್ಣದ ನೀರು ನಿಂತಿತ್ತು. ಆ ದಡದಲ್ಲಿಯೇ ನನ್ನ ಗೌಂಡಿ ಮಿತ್ರನೂ ನಿಂತಿದ್ದ. ಇಬ್ಬರೂ ಇಳಿದು, ಸೈಕಲ್ಲುಗಳನ್ನು ತಳ್ಳಿಕೊಂಡು, ಒಬ್ಬರನ್ನೊಬ್ಬರು ಹುರಿದುಂಬಿಸುತ್ತ ದಾಟಿದೆವು. ನನ್ನ ಹಿಮ್ಮಡಿಯಲ್ಲಿ ಚಪ್ಪಲಿ ಕಚ್ಚಿದ ಗಾಯವಿತ್ತು. ಅವನ ಪಾದದಲ್ಲಿ ಹಿಂದಿನ ದಿನ ಕಬ್ಬಿಣದ ಸರಳು ಗೀರಿದ ಗಾಯವಿತ್ತು. "ಇರ್ಲಿ ಬಿಡ್ರಿ, ನೀರಾಗ ತೊಳದು ಹೋಗ್ತದ" ಎಂದು ನಕ್ಕ.

ಸಂಜೆ ಮನೆಯವರು ನನ್ನ ಹಿಮ್ಮಡಿಯನ್ನು ನೋಡಿ ಸಿಟ್ಟಿನಿಂದಲೇ ವೈದ್ಯರಲ್ಲಿಗೆ ಅಟ್ಟಿದರು. ವೈದ್ಯರು ಗಾಯ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಇಲಿಜ್ವರ ತಡೆಯುವ ಮಾತ್ರೆ ಬರೆದುಕೊಟ್ಟರು. ಹೊಲಸು ನೀರಿನಲ್ಲಿ ನಡೆದ ಮೂರು ದಿನಗಳೊಳಗೆ ವೈದ್ಯರನ್ನು ಕಂಡರೆ ಈ ತಡೆ ಸಾಧ್ಯವೆಂದರು. ನಾನು ಮಾತ್ರೆ ನುಂಗಿ ಮಲಗಿದೆ.

ಮುಂದೆ ಮೂರು ವಾರ ಗೌಂಡಿ ದಾರಿಯಲ್ಲಿ ಕಾಣಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿರಬೇಕೆಂದುಕೊಂಡೆ. ಸ್ವಾತಂತ್ರ್ಯ ದಿನಾಚರಣೆಯ ನಂತರ ಸಿಕ್ಕಾಗ ಅವನನ್ನು ಗುರುತಿಸಲು ತಡವಾಯಿತು. ಅಷ್ಟು ಇಳಿದುಹೋಗಿದ್ದ, ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತಿದ್ದ. ಆ ನೀರು ದಾಟಿದ ಒಂಬತ್ತನೆಯ ದಿನ ಜ್ವರ ಬಂದಿತಂತೆ. ತಲೆನೋವು, ಕಣ್ಣು ಕೆಂಪು, ಮೀನಖಂಡಗಳಲ್ಲಿ ಮುಟ್ಟಲಾಗದಷ್ಟು ನೋವು. "ಮಳ್ಯಾಗ ತೊಯ್ದು ಜ್ವರ ಬಂದದ, ಸೈಕಲ್ ತುಳದು ಕಾಲು ನೋಯ್ತಾವ ಅಂತ ತಿಳಕೊಂಡೆ ಸಾಹೇಬ್ರ" ಎಂದ. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ನಾಲ್ಕು ದಿನ ಕೆಲಸಕ್ಕೂ ಹೋದ. ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾದ ಮೇಲೆ ಜೊತೆಯ ಕೆಲಸಗಾರರು ಸರಕಾರಿ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ಆದರೆ ಒಂದು ತಿಂಗಳ ಕೂಲಿ ಹೋಯಿತು. ಊರಿಗೆ ಕಳಿಸಬೇಕಾದ ಹಣ ಹೋಯಿತು. ಹೆಂಡತಿಯ ಕಿವಿಯೋಲೆಗಳು ಅಡವಿಗೆ ಹೋದವು.

ಇಬ್ಬರೂ ದಾಟಿದ್ದು ಒಂದೇ ನೀರು. ಅಂದು ರಾತ್ರಿ ಮಾತ್ರೆ ನುಂಗುವಾಗ ಅವನ ಗಾಯ ನನಗೆ ನೆನಪಾಗಿತ್ತು. ಆದರೆ ಆರು ವಾರ ಜೊತೆಯಲ್ಲಿ ಸವಾರಿ ಮಾಡಿಯೂ ನಾನು ಅವನ ಫೋನ್ ನಂಬರು ಕೇಳಿರಲಿಲ್ಲ. ನನ್ನನ್ನು ರಸ್ತೆಯಿಂದೆತ್ತಿದವನಿಗೆ ಒಂದು ಮಾತು ಮುಟ್ಟಿಸಲು ನನ್ನಲ್ಲಿ ದಾರಿಯಿರಲಿಲ್ಲ. ಮೊದಲೇ ಹೇಳಿದ ತಾಳೆಯಾಗದ ಬಾಬತ್ತು ಇದೇ.

ಇಲಿಜ್ವರವನ್ನು ಕುರಿತು

ಇಲಿಜ್ವರ ಅಥವಾ ಲೆಪ್ಟೊಸ್ಪೈರೋಸಿಸ್ ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಇಲಿ, ಹೆಗ್ಗಣ, ದನ, ನಾಯಿ ಮೊದಲಾದವುಗಳ ಮೂತ್ರದಿಂದ ನಿಂತ ನೀರಿಗೂ ಕೆಸರಿಗೂ ಸೇರಿ, ನಮ್ಮ ಚರ್ಮದ ಗಾಯ, ಬಿರುಕುಗಳ ಮೂಲಕ, ಕಣ್ಣು ಬಾಯಿಗಳ ಮೂಲಕ ಒಳಹೊಗುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದ ನಂತರದ ವಾರಗಳಲ್ಲಿ ಈ ರೋಗ ಆ ನಗರದಲ್ಲಿ ವ್ಯಾಪಕವಾಗಿ ಹರಡಿತ್ತು. ಸೋಂಕು ತಗಲಿದ 2ರಿಂದ 30 ದಿನಗಳೊಳಗೆ, ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಜ್ವರ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿಯೇ ಗುರುತಿಸಿದರೆ ಸಾಮಾನ್ಯ ಔಷಧಗಳಿಂದ ಗುಣವಾಗುವ ಈ ರೋಗ, ತಡವಾದರೆ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳನ್ನು ಕೆಡಿಸಿ ಪ್ರಾಣಕ್ಕೆ ಎರವಾಗಬಲ್ಲುದು.

ಮೀನಖಂಡದ ನೋವು ಈ ರೋಗದ ಪ್ರಮುಖ ಕುರುಹು. ಸೈಕಲ್ ತುಳಿಯುವವನು ಅದನ್ನು ತುಳಿತದ ನೋವೆಂದೇ ಭಾವಿಸುತ್ತಾನೆ. ಅವನ ಅಪಾಯ ಇಲ್ಲಿಯೇ ಅಡಗಿದೆ. ಶ್ರಮದ ನೋವಿಗೆ ಜ್ವರ ಜೊತೆಗಿರುವುದಿಲ್ಲ. ಮಳೆಗಾಲದಲ್ಲಿ ಜ್ವರದೊಡನೆ ಕಾಲುನೋವು ಬಂದರೆ, ಎರಡು ಮೂರು ವಾರಗಳ ಹಿಂದಾದರೂ ಸರಿ, ಹೊಲಸು ನೀರು ತುಳಿದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅದು ಡೆಂಗಿಯೂ ಆಗಿರಬಹುದಾದುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ಗಳಂತಹ ನೋವಿನ ಗುಳಿಗೆಗಳನ್ನು ತಾವೇ ನುಂಗಕೂಡದು, ರಕ್ತಸ್ರಾವದ ಭಯವುಂಟು. ಇಲಿಜ್ವರ ತಡೆಯುವ ಮಾತ್ರೆಯನ್ನೂ ಸ್ವಂತ ಬುದ್ಧಿಯಿಂದ ನುಂಗಬಾರದು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆ ಔಷಧ ಎಲ್ಲ ಸಂದರ್ಭಗಳಲ್ಲಿ ಹೊಂದುವುದಿಲ್ಲ.

ಎಲ್ಲಿ ನಿಲ್ಲಬೇಕು

ಆ ವರ್ಷದಿಂದ ನನ್ನ ನಿಯಮಗಳು ನಾಲ್ಕು. ರಸ್ತೆಯ ನೆಲ ಕಾಣದಿದ್ದರೆ ಮುಂದೆ ಹೋಗುವುದಿಲ್ಲ. ಆ ನೀರಿನ ಕೆಳಗೆ ಹೊಂಡವಿದೆಯೋ ತೆರೆದ ಗಟಾರವಿದೆಯೋ ಬಲ್ಲವರಾರು? 2017ರ ಆಗಸ್ಟ್ 29ರ ಮಳೆಯಲ್ಲಿ ಮುಂಬಯಿಯ ಪ್ರಸಿದ್ಧ ವೈದ್ಯರೊಬ್ಬರು ಮನೆಗೆ ನಡೆದುಹೋಗುವಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಅಸುನೀಗಿದ್ದನ್ನು ಮರೆಯಲಾಗದು. ಹರಿಯುವ ನೀರಾದರೆ ಅದು ಮೊಣಕಾಲಿಗಿಂತ ಕೆಳಗಿದ್ದರೂ ಇಳಿಯುವುದಿಲ್ಲ. ಕಾಲಿನಲ್ಲಿ ಗಾಯವಿದ್ದರೆ ಜಲನಿರೋಧಕ ಪಟ್ಟಿ ಹಚ್ಚಿ, ಅಂದು ಬಸ್ಸಿನಲ್ಲಿ ಹೋಗುತ್ತೇನೆ. ಗುಡುಗು ಕೇಳಿಸಿದರೆ ಗಟ್ಟಿಯಾದ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆಯವರೆಗೆ ಕಾಯುತ್ತೇನೆ. ಮರದ ಕೆಳಗೆ ನಿಲ್ಲುವುದಿಲ್ಲ.

2025ರಲ್ಲಿ ಮುಂಗಾರು ಮೇ 26ರಂದೇ ಪುಣೆಯನ್ನು ತಲುಪಿತು. ಬಸ್ಸಿನ ದಿನಗಳು ಸ್ವಲ್ಪ ಹೆಚ್ಚಾದವು. ಆದರೂ ಸೈಕಲ್ಲು ಜಿನೆಯ ಕೆಳಗೆ ಸೇರಲಿಲ್ಲ. ಆ ಮಳೆಗಾಲದ ನಂತರದ ರಕ್ತಪರೀಕ್ಷೆಯಲ್ಲಿ ಅಂಕ 5.8 ಬಂದಿತು. ಹೊಸ್ತಿಲಿನ ಮೇಲೆಯೇ ಇದ್ದೇನೆ. ಆದರೆ ಮುಖ ಮನೆಯ ಹೊರಗಡೆಗಿದೆ.

ಗೌಂಡಿ ಈಗ ಮೊದಲಿನಂತೆ ದುಡಿಯುತ್ತಿದ್ದಾನೆ. ಅವನ ನಂಬರು ನನ್ನ ಫೋನಿನಲ್ಲಿದೆ. ನೀರು ನಿಂತ ದಿನ ಬೆಳಗ್ಗೆ ಆರಕ್ಕೆ ಮೊದಲ ಕರೆ ಅವನಿಗೆ ಹೋಗುತ್ತದೆ. ಅವನ ಕೆಲಸದ ಜಾಗದಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಜನ ಬಹಳ. ಇಲಿಜ್ವರದ ವಿಷಯವನ್ನು ಅವರಿಗೆ ಅವನೇ ಹೇಳುತ್ತಾನೆ, ನನಗಿಂತ ಚೆನ್ನಾಗಿ.

ಸಂಘದ ಸದಸ್ಯರಲ್ಲಿ ನನ್ನದೊಂದು ಕೋರಿಕೆ. ಈ ಸಂಚಿಕೆ ನಮ್ಮ ನಿಮ್ಮ ಮನೆಗಳಿಗೆ ಬರುತ್ತದೆ. ಮಳೆಯಲ್ಲಿ ಅನಿವಾರ್ಯವಾಗಿ ಸೈಕಲ್ ತುಳಿಯುವ ಪೇಪರಿನ ಹುಡುಗನಿಗೆ, ಕಾವಲುಗಾರನಿಗೆ, ಕಟ್ಟಡ ಕಟ್ಟುವ ನಮ್ಮ ನಾಡಿನ ಕೂಲಿಕಾರನಿಗೆ ಬರುವುದಿಲ್ಲ. ಮುಂದಿನ ಮಳೆಗೆ ಮೊದಲು, ನಿಮಗೆ ಪರಿಚಯವಿರುವ ಒಬ್ಬರಿಗಾದರೂ ಇದರ ಒಂದು ವಾಕ್ಯವನ್ನು ತಲುಪಿಸಿ: ಹೊಲಸು ನೀರು ತುಳಿದ ಮೇಲೆ ಜ್ವರ ಬಂದರೆ, ಕೂಲಿ ಹೋದರೂ ಸರಿ, ಮೊದಲ ದಿನವೇ ಆಸ್ಪತ್ರೆಗೆ ಹೋಗಬೇಕು. ಹಾಗೆ ಹೇಳುವಾಗ ಅವರ ಫೋನ್ ನಂಬರನ್ನೂ ಕೇಳಿ ಬರೆದುಕೊಳ್ಳಿ.